ನಂದಿಯ ಮಂಜೂ ಚಿತ್ರದ ಮಸುಕೂ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ, ದೇವನಹಳ್ಳಿಯನ್ನು ದಾಟುತ್ತಿದ್ದಂತೆಯೇ, ಮೇದು ಮಲಗಿದ ಬಸವನ ಬೆನ್ನಿನಂಥ ಒಂದು ಮಹಾ ಬಂಡೆ ದೂರದಲ್ಲಿ ಗೋಚರಿಸುತ್ತದೆ. ಅದೇ ನಂದಿದುರ್ಗ. ರಾಜಧಾನಿಯಿಂದ ಸುಮಾರು 60 ಕಿಲೋಮೀಟರು ದೂರ. ಸಮುದ್ರಮಟ್ಟದಿಂದ 1,478 ಮೀಟರು ಎತ್ತರ. ಭಾನುವಾರಗಳಂದು ನಸುಕು ಹರಿಯುವುದಕ್ಕೆ ಮುಂಚೆಯೇ ಬೆಟ್ಟದ ತಪ್ಪಲಿನಲ್ಲಿ ಕಾರುಗಳ, ಮೋಟಾರು ಸೈಕಲುಗಳ ಸಾಲು ನೆರೆದಿರುತ್ತದೆ. ಶಾಲು ಹೊದ್ದ ತಾಯಂದಿರು, ನಿದ್ದೆಗಣ್ಣಿನ ಮಕ್ಕಳು, ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡ ಕಾಲೇಜಿನ ಹುಡುಗರು, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾರೆ. ಮೂಡಲಲ್ಲಿ ಕೆಂಪು ಒಡೆದು, ಕಣಿವೆಯಲ್ಲಿ ಹಾಲು ಚೆಲ್ಲಿದಂತೆ ಮಂಜು ಹರಡಿ, ಅದರ ನಡುವೆ ಸ್ಕಂದಗಿರಿಯ ನೆತ್ತಿ ದ್ವೀಪದಂತೆ ತೇಲತೊಡಗಿದಾಗ ನೂರಾರು ಕೈಗಳು ಏಕಕಾಲಕ್ಕೆ ಮೇಲೇಳುತ್ತವೆ. ಆ ಕೈಗಳಲ್ಲಿರುವುದು ಅರ್ಘ್ಯವಲ್ಲ, ಮೊಬೈಲು.

ಬೆಟ್ಟದ ಚರಿತ್ರೆ ಬಲ್ಲವರಿಗೆ ಇಲ್ಲಿ ನೋಡಲು ಬೇರೆಯೂ ಬೇಕಾದಷ್ಟಿದೆ. ಟಿಪ್ಪುವಿನ ಕಾಲದ ಕೋಟೆ, 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಲಗ್ಗೆ ಹತ್ತಿ ಹಿಡಿದ ಗೋಡೆಗಳು, ಮೈಸೂರಿನ ಕಮೀಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಬೇಸಿಗೆಯ ಮನೆ, ಅಮೃತ ಸರೋವರ, ಯೋಗನಂದೀಶ್ವರನ ಗುಡಿ ಎಲ್ಲವೂ ನಡೆದಾಡುವ ದೂರದಲ್ಲಿವೆ. 1986ರ ಸಾರ್ಕ್ ಸಮ್ಮೇಳನದ ಕಾಲದಲ್ಲಿ ಏಳು ದೇಶಗಳ ಮುಖ್ಯಸ್ಥರು ಇದೇ ಬೆಟ್ಟದ ಮೇಲೆ ಬಿಡುವಿನ ಮಾತುಕತೆ ನಡೆಸಿದ್ದರು. ಆದರೆ ಸೂರ್ಯ ಮೂರು ಮಾರು ಏರುತ್ತಿದ್ದಂತೆ ಬಹುಪಾಲು ಜನ ಕೆಳಗಿಳಿಯತೊಡಗುತ್ತಾರೆ. ಅವರು ಬಂದದ್ದು ಚಿತ್ರಕ್ಕಾಗಿ, ಚಿತ್ರ ಸಿಕ್ಕಿತು.

ಸಿಕ್ಕಿತೆಂಬುದು ಮನೆಗೆ ಬರುವವರೆಗಿನ ನಂಬಿಕೆ. ಬೆಟ್ಟದ ಮೇಲೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಗರಿಗರಿಯಾಗಿ ಕಂಡ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಬಣ್ಣ ಹದಗೊಳಿಸಿ, ಹೊರತೆಗೆದು, ಬಂಧುಗಳಿಗೆಲ್ಲ ಕಳುಹಿಸಿದ ಮೇಲೆ ಮಲ್ಲೇಶ್ವರದ ಯಾವುದೋ ಮನೆಯ ಅಜ್ಜಿ ಕೇಳುತ್ತಾರೆ: “ಇದೇನೋ ಮಗೂ, ಮಂಜು ಹಿಡಿದಿರೋದು ನನ್ನ ಕನ್ನಡಕಕ್ಕೋ, ನಿನ್ನ ಫೋಟೋಕ್ಕೋ?” ಮೊಮ್ಮಗ ಬೆಟ್ಟದ ಮೇಲೆ, ಲೆನ್ಸಿನ ಮೇಲೆ, ಕೊನೆಗೆ ಕ್ಯಾಮೆರಾ ಮಾರಿದ ಅಂಗಡಿಯ ಮೇಲೆ ತಪ್ಪು ಹೊರಿಸುತ್ತಾನೆ. ಬಹಳ ಸಲ ಈ ಮೂವರೂ ನಿರಪರಾಧಿಗಳು. ಮಸುಕು ಹುಟ್ಟುವುದು ಬೆಟ್ಟದಲ್ಲಲ್ಲ, ಬೆಟ್ಟದಿಂದ ಅಜ್ಜಿಯ ಅಂಗೈವರೆಗಿನ ಹಾದಿಯಲ್ಲಿ.

ಇದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಇಂದಿನ ಸಾಧಾರಣ ಕ್ಯಾಮೆರಾದ ಒಂದು ಚಿತ್ರದಲ್ಲಿ ಅಡ್ಡಕ್ಕೆ 6,000, ಉದ್ದಕ್ಕೆ 4,000 ಚಿತ್ರಬಿಂದುಗಳು, ಎಂದರೆ ಪಿಕ್ಸೆಲ್ಲುಗಳು, ಇರುತ್ತವೆ. ಒಟ್ಟು 2 ಕೋಟಿ 40 ಲಕ್ಷ. ಮನೆಯ ಕಂಪ್ಯೂಟರಿನ ಪರದೆಯಲ್ಲಾದರೋ ಇರುವುದು ಸಾಮಾನ್ಯವಾಗಿ 1,920ಕ್ಕೆ 1,080. ಇಡೀ ಚಿತ್ರವನ್ನು ಆ ಪರದೆಯಲ್ಲಿ ಕೂರಿಸಬೇಕಾದರೆ ಸುಮಾರು 14 ಬಿಂದುಗಳು ಸೇರಿ ಒಂದಾಗಬೇಕು. ಹದಿನಾಲ್ಕು ಜನ ಒಂದೇ ಕುರ್ಚಿಯಲ್ಲಿ ಕುಳಿತಂತೆ! ಅವರನ್ನು ಹೇಗೆ ಒತ್ತರಿಸಿ ಕೂರಿಸಬೇಕೆಂಬುದನ್ನು ನಿರ್ಧರಿಸುವುದು ನೋಡುವವನ ಕಣ್ಣಲ್ಲ, ಚಿತ್ರ ತೋರಿಸುವ ತಂತ್ರಾಂಶ. ಒಂದು ತಂತ್ರಾಂಶ ಅವಸರದಲ್ಲಿ ಒರಟಾಗಿ ಕೂರಿಸುತ್ತದೆ, ಇನ್ನೊಂದು ನಯವಾಗಿ. ಆದ್ದರಿಂದಲೇ ಒಂದೇ ಚಿತ್ರ ಒಂದರಲ್ಲಿ ಹರಿತವಾಗಿಯೂ ಇನ್ನೊಂದರಲ್ಲಿ ಮಂಕಾಗಿಯೂ ಕಾಣುವುದುಂಟು.

ಚಿತ್ರದ ಮೊನಚನ್ನು ಪರೀಕ್ಷಿಸಬೇಕಾದವನು ಅದನ್ನು ನೂರಕ್ಕೆ ನೂರರ ಪ್ರಮಾಣದಲ್ಲಿ, ಚಿತ್ರದ ಒಂದು ಬಿಂದು ಪರದೆಯ ಒಂದೇ ಬಿಂದುವಿಗೆ ಹೊಂದುವಂತೆ, ನೋಡತಕ್ಕದ್ದು. ಇಲ್ಲೂ ಒಂದು ಬಲೆಯಿದೆ. ಅಕ್ಷರಗಳು ದೊಡ್ಡದಾಗಿ ಕಾಣಲೆಂದು ಕಂಪ್ಯೂಟರಿನ ಪ್ರದರ್ಶನ ಪ್ರಮಾಣವನ್ನು ಶೇಕಡ 125ಕ್ಕೋ 150ಕ್ಕೋ ಏರಿಸಿಟ್ಟಿರುವ ಮನೆಗಳೇ ಹೆಚ್ಚು. ಹಾಗಿದ್ದಲ್ಲಿ ಬ್ರೌಸರಿನಲ್ಲಿ ತೆರೆದ ಚಿತ್ರವೂ ಸದ್ದಿಲ್ಲದೆ ಒಂದೂವರೆ ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಚಿತ್ರ, ಹಿಗ್ಗಿದ ಬನಿಯನ್ನಿನಂತೆ, ಸಡಿಲವಾಗುತ್ತದೆ. 1,920 ಬಿಂದುಗಳ ಅಗಲಕ್ಕೆ ಹೊರತೆಗೆದ ಚಿತ್ರವನ್ನು 3,840 ಬಿಂದುಗಳ ಹೊಸ ಟೆಲಿವಿಷನ್ನಿನ ತುಂಬ ಹರಡಿ, “ಮಸುಕಾಗಿದೆ” ಎಂದು ಗೊಣಗುವವರೂ ಮಾಡುವುದು ಇದನ್ನೇ.

ಬೆಟ್ಟದಿಂದಿಳಿದು ನಂದಿ ಗ್ರಾಮಕ್ಕೆ ಬಂದರೆ ಈ ಬಿಂದುಗಳ ಲೆಕ್ಕಕ್ಕೆ ಬೇರೆಯೇ ಒಂದು ಗಾಂಭೀರ್ಯ ಬರುತ್ತದೆ. ಊರ ನಡುವೆ, ವಿಶಾಲವಾದ ಪ್ರಾಕಾರದೊಳಗೆ, ಭೋಗನಂದೀಶ್ವರನ ದೇಗುಲ ಸಮುಚ್ಚಯವಿದೆ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಎಂಬ ಮೂರು ಗುಡಿಗಳು ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಸುಮಾರು ಸಾ. ಶ. 806ರಷ್ಟು ಹಿಂದಿನ ಶಾಸನಾಧಾರವುಳ್ಳ ಈ ಕ್ಷೇತ್ರದಲ್ಲಿ ನೊಳಂಬರು, ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಎಲ್ಲರ ಕಾಲದ ಕೈಗೆಲಸವೂ ಕಲ್ಲಿನ ಮೇಲೆ ಕಲ್ಲಾಗಿ ಕುಳಿತಿದೆ. ಕಲ್ಯಾಣ ಮಂಟಪದ ಕಪ್ಪು ಕಂಬಗಳ ಬಳ್ಳಿ, ಗಿಳಿ, ಆಭರಣಗಳ ಸೂಕ್ಷ್ಮವನ್ನು ಬಣ್ಣಿಸುವುದಕ್ಕಿಂತ ಹತ್ತಿರ ನಿಂತು ನೋಡುವುದೇ ಲೇಸು. ಆಚೆಗೆ ಶೃಂಗಿತೀರ್ಥ, ನಾಲ್ಕೂ ಕಡೆಯಿಂದ ಮೆಟ್ಟಿಲಿಳಿಯುವ ಆ ಕಲ್ಯಾಣಿಯೇ ದಕ್ಷಿಣ ಪಿನಾಕಿನಿಯ ಉಗಮವೆಂದು ಸ್ಥಳದ ನಂಬಿಕೆ.

ಈ ಸೀಮೆಯ ಊರೂರಿನ ಕಲ್ಲುಗಳ ಮೇಲೆಯೂ ಬರಹವಿದೆ. ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವನ್ನು 1905ರಲ್ಲಿ ಪ್ರಕಟಿಸಿದಾಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದುವು, ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಶಾಸನತಜ್ಞರ ಹಳೆಯ ಪದ್ಧತಿಯೆಂದರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು, ಮಸಿಯೊತ್ತಿ ಪಡಿಯಚ್ಚು ತೆಗೆಯುವುದು. ಕಾಗದದ ಮೇಲೆ ಅಕ್ಷರ ಕಲ್ಲಿನ ಮೇಲಿದ್ದಷ್ಟೇ ದೊಡ್ಡದಾಗಿರುತ್ತಿತ್ತು. ಕುಗ್ಗಿಸುವ ಪ್ರಶ್ನೆಯೇ ಇರಲಿಲ್ಲ. ಇಂದು ಹೊಲದ ಬದುವಿನಲ್ಲಿ ಒಂದು ಬರಹದ ಕಲ್ಲು ಕಂಡ ರೈತನ ಮಗ ಮೊಬೈಲಿನಲ್ಲಿ ಚಿತ್ರ ಹಿಡಿದು, ಓದಬಲ್ಲ ಮೇಷ್ಟರಿಗೆ ಕ್ಷಣಮಾತ್ರದಲ್ಲಿ ರವಾನಿಸುತ್ತಾನೆ. ಉತ್ತಮವಾದ ಕೆಲಸ. ಆದರೆ ಮೇಷ್ಟರ ಕೈಗೆ ಏನು ತಲುಪಿತು?

ಎರಡು ಮೀಟರು ಅಗಲದ ಒಂದು ಬಂಡೆ 6,000 ಬಿಂದುಗಳ ಚಿತ್ರವನ್ನು ತುಂಬಿದೆಯೆನ್ನಿ. ಒಂದು ಮಿಲಿಮೀಟರು ಕಲ್ಲಿಗೆ ಮೂರು ಬಿಂದುಗಳು ದೊರೆಯುತ್ತವೆ. ಮೂರು ಮಿಲಿಮೀಟರಿನ ಒಂದು ಅನುಸ್ವಾರಕ್ಕೆ ಅಡ್ಡಕ್ಕೆ ಒಂಬತ್ತು ಬಿಂದುಗಳು. ಅದರ ದುಂಡು ಅಂಚು, ಉಳಿ ಇಳಿದ ಆಳದ ನೆರಳು ಎರಡೂ ಕಾಣುತ್ತವೆ. ವಾಟ್ಸಾಪಿನಲ್ಲಿ ವಾಡಿಕೆಯಂತೆ ಕಳುಹಿಸಿದ ಚಿತ್ರದ ಉದ್ದದ ಬದಿ ಬಹುಮಟ್ಟಿಗೆ 1,600 ಬಿಂದುಗಳ ಆಸುಪಾಸಿಗೆ ಇಳಿಯುತ್ತದೆ. ಆಗ ಅದೇ ಅನುಸ್ವಾರಕ್ಕೆ ಉಳಿಯುವುದು ಎರಡೂವರೆ ಬಿಂದುವೂ ಅಲ್ಲ. ಅದು ಅನುಸ್ವಾರವೋ, ಮಳೆಗಾಳಿಗೆ ಕಲ್ಲಿನಲ್ಲಿ ಬಿದ್ದ ಕುಳಿಯೋ, ಹೇಳಬಲ್ಲವರಾರು? ಒಂದು ಸೊನ್ನೆಯಿಂದ ಹೆಸರು ಬದಲಾಗುತ್ತದೆ. ಹೆಸರು ಬದಲಾದರೆ ಊರಿನ ಚರಿತ್ರೆಯೇ ಬೇರೆಯಾದೀತು. ಇಷ್ಟರಲ್ಲಿ ರಸ್ತೆ ಅಗಲಿಸುವವರು ಬಂದು ಕಲ್ಲನ್ನು ಪುಡಿಗುಟ್ಟಿದ್ದರೆ, ಮತ್ತೆ ಹೋಗಿ ನೋಡುವ ದಾರಿಯೂ ಇಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯವನ್ನು 2021ರಿಂದ ಕೈಗೊಂಡಿರುವುದು ಈ ಆತಂಕದಿಂದಲೇ. ಎಲ್ಲ ಕಲ್ಲಿನ ಬಳಿಗೂ ಅಂಥ ಯಂತ್ರ ಹೋಗಲಾರದು; ಮೊಬೈಲು ಹೋಗುತ್ತದೆ.

ಹಾಗೆ ಹೋದ ಮೊಬೈಲು ಮಾಡಬೇಕಾದದ್ದು ಹೆಚ್ಚೇನಿಲ್ಲ. ನಡುಹಗಲ ನೆತ್ತಿಯ ಬಿಸಿಲಲ್ಲಿ ಕಲ್ಲಿನ ಬರಹ ಅಳಿಸಿಹೋದಂತೆ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಲ್ಲಿ ಪ್ರತಿ ಅಕ್ಷರದ ಅಂಚಿಗೂ ನೆರಳು ಬಿದ್ದು ಬರಹ ಎದ್ದು ನಿಲ್ಲುತ್ತದೆ. ಬಿಸಿಲಿಲ್ಲದ ಗರ್ಭಗುಡಿಯ ಮಗ್ಗುಲಲ್ಲಾದರೆ ಬದಿಯಿಂದ ಹಿಡಿದ ಟಾರ್ಚು ಸಾಕು. ಇಡೀ ಕಲ್ಲಿನ ಒಂದು ಚಿತ್ರ, ಆಮೇಲೆ ಒಂದಕ್ಕೊಂದು ಸ್ವಲ್ಪ ಹೊದೆದುಕೊಳ್ಳುವಂತೆ ತುಂಡು ತುಂಡಾಗಿ ಹತ್ತಿರದ ಚಿತ್ರಗಳು. ಕಳುಹಿಸುವಾಗ ಫೋಟೋ ಎಂದಲ್ಲದೆ ‘ಡಾಕ್ಯುಮೆಂಟ್’ ಎಂಬ ಬಾಗಿಲಿನಿಂದ ಕಳುಹಿಸಿದರೆ ಚಿತ್ರ ಕುಗ್ಗದೆ, ಮೂಲದಲ್ಲಿದ್ದಂತೆಯೇ ತಲುಪುತ್ತದೆ. 2023ರಿಂದ ವಾಟ್ಸಾಪಿನಲ್ಲಿ ‘ಎಚ್‌ಡಿ’ ಎಂಬ ಆಯ್ಕೆಯೂ ಬಂದಿದೆ. ಅದು ವಾಡಿಕೆಯದಕ್ಕಿಂತ ಮೇಲು, ಮೂಲಕ್ಕೆ ಸಮವಲ್ಲ.

ಒಂದು ಮಾತು ಎಚ್ಚರಿಕೆಗೆ: ಡಾಕ್ಯುಮೆಂಟಿನಂತೆ ಹೋದ ಚಿತ್ರದೊಡನೆ, ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಹೋಗಬಹುದು. ಶಾಸನಕ್ಕೆ ಅದು ಉಪಕಾರ. ನಂದಿಯ ಬಂಡೆಗಳ ಸಂದಿಯಲ್ಲಿ ವಾಸಿಸುವ ವಿರಳವಾದ ಹಳದಿ ಕೊರಳಿನ ಪಿಕಳಾರದ ಗೂಡಿಗೆ ಅದು ಅಪಕಾರ.

ನಂದಿಯಿಂದ ಚಿಕ್ಕಬಳ್ಳಾಪುರ ಪಟ್ಟಣ ಅನತಿದೂರ. ದಾರಿಯ ಎರಡೂ ಕಡೆ ದ್ರಾಕ್ಷಿಯ ಚಪ್ಪರ, ಸೇವಂತಿಗೆ, ಗುಲಾಬಿ. ಪೇಟೆಯ ಫೋಟೋ ಸ್ಟುಡಿಯೋಗಳಲ್ಲಿ ನಡೆಯುವ ಮಾತುಕತೆ ನಾಡಿನ ಯಾವ ಪೇಟೆಯದೂ ಆಗಬಹುದು.

“ಅಣ್ಣಾ, ಇದನ್ನ ಗೋಡೆಗೆ ಹಾಕೋ ಹಾಗೆ ದೊಡ್ಡದು ಮಾಡಿಕೊಡಿ. ನಮ್ಮ ತಾಯಿಯವರದು.”

“ಸಾರ್, ಇದು ವಾಟ್ಸಾಪಲ್ಲಿ ಬಂದಿರೋದು. ಒರಿಜಿನಲ್ ಇಲ್ವಾ?”

“ಅದು ಫೋನ್ ತುಂಬಿತು ಅಂತ ಅಳಿಸಿಬಿಟ್ಟೆ.”

ಸ್ಟುಡಿಯೋದವನು ನಿಟ್ಟುಸಿರು ಬಿಡುವುದಕ್ಕೆ ಕಾರಣವಿದೆ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳಿರಬೇಕೆಂಬುದು ರೂಢಿಯ ಅಳತೆ. 6,000 ಬಿಂದುಗಳ ಮೂಲಚಿತ್ರ 20 ಅಂಗುಲಕ್ಕೆ ಸಲೀಸಾಗಿ ಬೆಳೆಯುತ್ತದೆ. 1,600 ಬಿಂದುಗಳ ಚಿತ್ರ ಐದು ಅಂಗುಲ ದಾಟುತ್ತಿದ್ದಂತೆಯೇ ಏದುಸಿರು ಬಿಡುತ್ತದೆ. ಗೋಡೆಯ ಚಿತ್ರವನ್ನು ದೂರದಿಂದ ನೋಡುವುದರಿಂದ ಅಂಗುಲಕ್ಕೆ 150 ಇದ್ದರೂ ನಡೆದೀತು. ಆಗಲೂ ಹತ್ತೇ ಅಂಗುಲ. ತಾಯಿ ತೀರಿಹೋದ ಮೇಲೆ ಆ ಮುಖದ ಕಣ್ಣಂಚಿನ ನೆರಿಗೆಗಳನ್ನು ಯಾವ ತಂತ್ರಾಂಶವೂ ಮರಳಿಸದು. ಈಚಿನ ಕೃತಕ ಬುದ್ಧಿಯ ತಂತ್ರಾಂಶಗಳು ನೆರಿಗೆ ಬರೆದುಕೊಡಬಲ್ಲವು, ನಿಜ. ಅವು ಆ ತಾಯಿಯ ನೆರಿಗೆಗಳಲ್ಲ.

ಮೂಲ ಭದ್ರವಾಗಿದ್ದು, ತಿದ್ದುವ ಕೆಲಸವೂ ಮುಗಿದ ಮೇಲೆ ಹೊರತೆಗೆಯುವ ಘಟ್ಟ. ಅದಕ್ಕೆ ಎಲ್ಲರೂ ಬಳಸುವ ಮಾತು ‘ಎಕ್ಸ್‌ಪೋರ್ಟ್’. ಬಹುಮಂದಿ ಎಡವುವುದು ಇಲ್ಲಿ, ಅದೂ ಅನುಕ್ರಮದಲ್ಲಿ. ದೊಡ್ಡ ಚಿತ್ರವನ್ನು ಹರಿತಗೊಳಿಸಿ ಆಮೇಲೆ ಕುಗ್ಗಿಸಿದರೆ, ಕುಗ್ಗುವಾಗ ಆ ಹರಿತವೆಲ್ಲ ನೆರೆಯ ಬಿಂದುಗಳಲ್ಲಿ ಕಲಸಿಹೋಗುತ್ತದೆ. ಮೊದಲು ಬೇಕಾದ ಅಳತೆಗೆ ಕುಗ್ಗಿಸಿ, ಆ ಅಳತೆಯಲ್ಲಿ ಮತ್ತೊಮ್ಮೆ ಲಘುವಾಗಿ ಸಾಣೆ ಹಿಡಿಯಬೇಕು. ಲೈಟ್‌ರೂಮಿನಂಥ ತಂತ್ರಾಂಶಗಳಲ್ಲಿ ಹೊರತೆಗೆಯುವ ಫಲಕದಲ್ಲೇ ಪರದೆಗೋ, ಹೊಳಪಿನ ಕಾಗದಕ್ಕೋ, ಹೊಳಪಿಲ್ಲದ ಕಾಗದಕ್ಕೋ ಎಂದು ಕೇಳಿ, ಅದಕ್ಕೆ ತಕ್ಕಂತೆ ಕೊನೆಯ ಸಾಣೆ ಹಿಡಿಯುವ ಏರ್ಪಾಡಿದೆ. ದುಡ್ಡು ಕೊಡದೆ ದೊರೆಯುವ ಗಿಂಪ್, ಡಾರ್ಕ್‌ಟೇಬಲ್‌ಗಳಲ್ಲಿಯೂ ಈ ಕೆಲಸ ಸಾಧ್ಯ.

ಈ ಸಾಣೆಗೆ ‘ಅನ್‌ಶಾರ್ಪ್ ಮಾಸ್ಕ್’ ಎಂಬ ವಿಲಕ್ಷಣ ಹೆಸರಿದೆ. ಹರಿತಗೊಳಿಸುವ ಸಾಧನಕ್ಕೆ ಮಸುಕಿನ ಹೆಸರೇಕೆ? ಕತ್ತಲೆಕೋಣೆಯ ಕಾಲದ ಛಾಯಾಗ್ರಾಹಕರು ನೆಗೆಟಿವ್ವಿನಿಂದ ಬೇಕೆಂದೇ ಮಸುಕಾದ, ತೆಳುವಾದ ಒಂದು ಪಾಸಿಟಿವ್ ನಕಲನ್ನು ತಯಾರಿಸಿ, ಅದನ್ನು ಮೂಲದೊಡನೆ ಜೋಡಿಸಿ ಮುದ್ರಿಸುತ್ತಿದ್ದರು. ಸಮತಟ್ಟಾದ ಜಾಗಗಳಲ್ಲಿ ಎರಡೂ ಒಂದನ್ನೊಂದು ತಗ್ಗಿಸುತ್ತಿದ್ದುವು. ಅಂಚುಗಳಲ್ಲಿ ಮಾತ್ರ ಮಸುಕು ನಕಲು ಹೊಂದದೆ, ಅಂಚು ಎದ್ದು ಕಾಣುತ್ತಿತ್ತು. ಇಂದಿನ ತಂತ್ರಾಂಶ ಮಾಡುವುದೂ ಅದನ್ನೇ, ಅಂಕಿಗಳಲ್ಲಿ. ಎಂದ ಮೇಲೆ ಅದು ಹೊಸ ವಿವರವನ್ನೇನೂ ತರುವುದಿಲ್ಲ. ಇರುವ ಅಂಚಿನ ಒಂದು ಕಡೆಯನ್ನು ಇನ್ನಷ್ಟು ಕಪ್ಪಾಗಿಯೂ ಮತ್ತೊಂದು ಕಡೆಯನ್ನು ಇನ್ನಷ್ಟು ಬೆಳ್ಳಗೂ ಮಾಡುತ್ತದೆ, ಅಷ್ಟೆ. ಅತಿಯಾದರೆ ಭೋಗನಂದೀಶ್ವರನ ಶಿಖರದ ಸುತ್ತ, ಆಕಾಶದಲ್ಲಿ, ಬಿಳಿಯ ಗೆರೆಯೊಂದು ಪ್ರಭಾವಳಿಯಂತೆ ಕಾಣಿಸಿಕೊಳ್ಳುತ್ತದೆ. ದೇವರಿಗೆ ಪ್ರಭಾವಳಿ ಶೋಭೆಯಾದರೂ ಗೋಪುರಕ್ಕೆ ಆ ಬಗೆಯದು ಬೇಡ. ನಂದಿಯ ಮಂಜನ್ನಂತೂ ಹರಿತಗೊಳಿಸಲು ಹೊರಡಲೇಬಾರದು. ಮಂಜಿನಲ್ಲಿ ಅಂಚುಗಳೇ ಇಲ್ಲ; ಎದ್ದು ಬರುವುದು ರವೆ ಚೆಲ್ಲಿದಂಥ ಕಣಕಣವಾದ ಗದ್ದಲ ಮಾತ್ರ. ಬಂಡೆಗೆ ಸಾಣೆ, ಮಂಜಿಗೆ ಮೃದುತ್ವ, ಹೀಗೆ ಚಿತ್ರದ ಭಾಗಭಾಗಕ್ಕೆ ಬೇರೆಯಾಗಿ ಮಾಡುವ ತಾಳ್ಮೆ ಬೇಕು.

ಕಡತವನ್ನು ಉಳಿಸುವ ಜೆಪೆಗ್ ಎಂಬ ಮಾದರಿ 1992ರಿಂದ ಬಳಕೆಯಲ್ಲಿದೆ. ಅದು ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಹೋಳುಮಾಡಿ, ಕಣ್ಣಿಗೆ ಬೇಡವೆಂದು ತನಗೆ ತೋರಿದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಗುಣಮಟ್ಟವನ್ನು 85 ಅಥವಾ 90ಕ್ಕೆ ಇಟ್ಟರೆ ನಷ್ಟ ಕಾಣದಷ್ಟು ಸ್ವಲ್ಪ. ನೂರಕ್ಕೆ ಏರಿಸಿದರೆ ಚಿತ್ರ ಚೆನ್ನಾಗುವುದಕ್ಕಿಂತ ಕಡತ ಊದಿಕೊಳ್ಳುವುದೇ ಹೆಚ್ಚು. ಒಮ್ಮೆ ಹೊರತೆಗೆದ ಜೆಪೆಗ್ಗನ್ನೇ ಮತ್ತೆ ತೆರೆದು, ತಿದ್ದಿ, ಮತ್ತೆ ಉಳಿಸುತ್ತ ಹೋದರೆ ಮಾತ್ರ ಪ್ರತಿ ಸಲವೂ ಅಷ್ಟಷ್ಟು ಸವೆಯುತ್ತದೆ, ಹುಣಿಸೆಹಣ್ಣಿನಲ್ಲಿ ದಿನಾ ತಿಕ್ಕಿದ ಬೆಳ್ಳಿ ಬಟ್ಟಲಿನ ಹಾಗೆ. ತಿದ್ದುವುದಿದ್ದರೆ ಮೂಲಕ್ಕೆ ಹಿಂದಿರುಗಿ ಅಲ್ಲಿಂದ ತಿದ್ದತಕ್ಕದ್ದು.

ಚಿಕ್ಕಬಳ್ಳಾಪುರದಿಂದ ಮೂಡಲಿಗೆ ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಬೆಳಗಿನ ಹರಾಜಿನ ಗಲಾಟೆ, ಚಿನ್ನದ ಬಣ್ಣದ ಮತ್ತು ಬೆಳ್ಳನೆಯ ಗೂಡುಗಳ ರಾಶಿ, ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿನ ಆವಿ ಎಲ್ಲವೂ ಚಿತ್ರಕಾರನಿಗೆ ಹಬ್ಬ. ಇಲ್ಲಿ ಮಸುಕಿಗೆ ವಿರುದ್ಧವಾದ ಒಂದು ತೊಡಕು ಎದುರಾಗುತ್ತದೆ. ಒತ್ತಾಗಿ ಸುತ್ತಿದ ರೇಷ್ಮೆ ಎಳೆಗಳ ಚಿತ್ರವನ್ನು ಪರದೆಯಲ್ಲಿ ಕುಗ್ಗಿಸಿ ನೋಡಿದಾಗ, ನೂಲಿನಲ್ಲಿ ಇಲ್ಲವೇ ಇಲ್ಲದ ಅಲೆಯಂಥ ಪಟ್ಟೆಗಳು ಮೂಡುತ್ತವೆ. ಎಳೆಗಳ ಸಾಲೂ ಬಿಂದುಗಳ ಸಾಲೂ ತಾಳ ತಪ್ಪಿ ಕೂಡುವುದರಿಂದ ಹುಟ್ಟುವ ಭ್ರಮೆಯಿದು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದರೂ ಇದೇ ಕಾಣುತ್ತದೆ. ನೂರರ ಪ್ರಮಾಣದಲ್ಲಿ ನೋಡಿದರೆ ಪಟ್ಟೆ ಮಾಯವಾಗಬಹುದು. ಆಗ ತಪ್ಪು ತೋರಿಸುವ ತಂತ್ರಾಂಶದ್ದು. ಅಲ್ಲೂ ಉಳಿದಿದ್ದರೆ ಕ್ಯಾಮೆರಾದಲ್ಲೇ ಬಂದದ್ದು. ಎರಡು ಹೆಜ್ಜೆ ಸರಿದು ಇನ್ನೊಂದು ಚಿತ್ರ ತೆಗೆಯುವುದು ಸುಲಭದ ಪರಿಹಾರ. ಮಗಳ ಮದುವೆಯ ಸೀರೆಯ ಚಿತ್ರಗಳಲ್ಲಿಯೂ ಈ ಪಟ್ಟೆಗಳನ್ನು ಕಂಡು, ಜವಳಿ ಅಂಗಡಿಯವನನ್ನು ದೂರಿದವರುಂಟು.

ಗೌರಿಬಿದನೂರಿನ ಕಡೆಗೆ ಹೊರಳಿದರೆ ಬಯಲು ಬಿಚ್ಚಿಕೊಳ್ಳುತ್ತದೆ. ಅಲ್ಲಿ, ಬೆಟ್ಟಗಳ ಮರೆಯಲ್ಲಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ರೇಡಿಯೋ ವೀಕ್ಷಣಾಲಯ 1976ರಿಂದ ಇದೆ. ಕನ್ನಡಿಯಿಲ್ಲ, ಗುಮ್ಮಟವಿಲ್ಲ, ಬಟ್ಟೆ ಒಣಗಿಸುವ ತಂತಿಗಳಂತೆ ತೋರುವ ಸಾವಿರ ಆಂಟೆನಾಗಳನ್ನು ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿ, ಆಕಾಶದಿಂದ ಬರುವ 34.5 ಮೆಗಾಹರ್ಟ್ಸಿನ ಅಲೆಗಳನ್ನು ಹಿಡಿದು ಆಗಸದ ಚಿತ್ರ ಬರೆದರು. ಆ ನಕ್ಷೆ 1990ರಲ್ಲಿ ಪ್ರಕಟವಾಯಿತು. ‘ಟಿ’ಯ ಪೂರ್ವ ಪಶ್ಚಿಮದ ತೋಳೊಂದೇ ಸುಮಾರು 1.4 ಕಿಲೋಮೀಟರು ಉದ್ದ. ಅಷ್ಟು ದೊಡ್ಡ ‘ಕ್ಯಾಮೆರಾ’ ಗುರುತಿಸಬಲ್ಲ ಅತಿ ಸಣ್ಣ ವಿವರವೆಷ್ಟು? ಹೆಚ್ಚು ಕಡಮೆ ಹುಣ್ಣಿಮೆಯ ಚಂದ್ರನ ಅಗಲದಷ್ಟು! ಆ ಅಲೆಯ ಉದ್ದವೇ ಒಂಬತ್ತು ಮೀಟರಿಗೆ ಸಮೀಪ. ಅಲೆ ಉದ್ದವಾದಷ್ಟೂ ಮೊನಚಿಗೆ ದೊಡ್ಡ ಕಣ್ಣು ಬೇಕು. ಲೆನ್ಸು ಚಿಕ್ಕದಾದ ಮೊಬೈಲನ್ನು ಕಾಡುವುದೂ ಇದೇ ಭೌತನಿಯಮ, ಬೆಳಕಿನ ಅಲೆ ಅತಿ ಸಣ್ಣದೆಂಬ ರಿಯಾಯಿತಿಯೊಡನೆ. ತಮ್ಮ ಚಿತ್ರದಲ್ಲಿ ಎಷ್ಟು ವಿವರವಿದೆ, ಎಷ್ಟಿಲ್ಲ ಎಂಬುದನ್ನು ಆ ವಿಜ್ಞಾನಿಗಳು ಅಳೆದು, ನಕ್ಷೆಯೊಡನೆ ಬರೆದೇ ಪ್ರಕಟಿಸುತ್ತಾರೆ. 1997ರಿಂದ ಇದೇ ಬಯಲಿನಲ್ಲಿ ಸೂರ್ಯನ ಹೊರವಲಯವನ್ನು ರೇಡಿಯೋ ಅಲೆಗಳಲ್ಲಿ ಚಿತ್ರಿಸುವ ಇನ್ನೊಂದು ಆಂಟೆನಾ ಸಮೂಹವೂ ಇದೆ. ನಂದಿಯ ಮೇಲೆ ಜನ ಸೂರ್ಯೋದಯ ಹಿಡಿಯುವಾಗ, ಇತ್ತ ಅದೇ ಸೂರ್ಯನಿಗೆ ಬೇರೊಂದು ಕ್ಯಾಮೆರಾ ಕಾದಿರುತ್ತದೆ.

ಗೌರಿಬಿದನೂರಿಗೆ ಸಮೀಪದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿದ ನೆಲ. ವಿದುರನೇ ನೆಟ್ಟನೆಂದು ಜನ ನಂಬಿದ್ದ ಇಲ್ಲಿಯ ಮಹಾ ಅಶ್ವತ್ಥ ವೃಕ್ಷ 2001ರಲ್ಲಿ ಉರುಳಿತು. ಸುತ್ತ ಹರಕೆಯ ನಾಗರಕಲ್ಲುಗಳು ಸಾಲುಸಾಲಾಗಿ ಉಳಿದಿವೆ. ಮರ ಈಗ ಉಳಿದಿರುವುದು ಹಳೆಯ ಚಿತ್ರಗಳಲ್ಲಿ: ಮಗುವಿನ ಮುಡಿ ಕೊಟ್ಟ ದಿನ, ನಾಗಪ್ರತಿಷ್ಠೆಯ ದಿನ, ಯಾವುದೋ ಕುಟುಂಬದ ಹಿಂದೆ ಅರ್ಧ ರೆಂಬೆಯಾಗಿ, ನೆರಳಾಗಿ. ಅಂಥ ಮೂರಕ್ಕೆ ನಾಲ್ಕು ಅಂಗುಲದ ಹಳೆಯ ಮುದ್ರಣ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಅದನ್ನು ಮೊಬೈಲಿನಿಂದ ಮತ್ತೊಂದು ಫೋಟೋ ಹಿಡಿದು ಸುಮ್ಮನಾಗದೆ, ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿಸಬೇಕು. 1,800ಕ್ಕೆ 2,400 ಬಿಂದುಗಳು ದೊರೆಯುತ್ತವೆ. ಆ ಕಡತವನ್ನು ಕುಗ್ಗಿಸದೆ, ಹರಿತಗೊಳಿಸದೆ, ಟಿಫ್ ಮಾದರಿಯಲ್ಲಿ ಒಂದು ಕಡೆ ಇಟ್ಟು, ಬಂಧುಗಳಿಗೆ ಕಳುಹಿಸುವುದಕ್ಕೆ ಬೇರೆ ಪ್ರತಿಯನ್ನು ತೆಗೆಯಬಹುದು. ಗೌರಿಬಿದನೂರಿಗೆ ಬೆಂಗಳೂರಿನಿಂದ ರೈಲೂ ಬಸ್ಸೂ ಉಂಟು.